ಅಂಡಮಾನ್‌ನಲ್ಲಿ ತೈಲ ಸಿಕ್ಕರೆ ನಾವೆಲ್ಲ ಶ್ರೀಮಂತರಾಗುತ್ತೇವೆಯೇ?

ಅಂಡಮಾನ್ ಸಮುದ್ರದಲ್ಲಿ 2 ಲಕ್ಷ ಕೋಟಿ ಲೀಟರ್ ತೈಲ ಸಿಕ್ಕಿದೆ, ಇನ್ನು ಪೆಟ್ರೋಲ್ ಅಗ್ಗ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಕಟ್ಟುಕತೆಯಲ್ಲ. ಗಯಾನಾದಲ್ಲಿ ಸಿಕ್ಕಷ್ಟು ದೊಡ್ಡ ನಿಕ್ಷೇಪ ಅಲ್ಲಿ ಸಿಗಬಹುದು ಎಂದು ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ 2025ರಲ್ಲಿ ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಒಂದು ಬಾವಿಯಲ್ಲಿ ನೈಸರ್ಗಿಕ ಅನಿಲ ಇರುವುದು ಪ್ರಕಟವಾಯಿತು. 'ಸಿಗಬಹುದು' ಎಂಬುದು ಫಾರ್ವರ್ಡ್ ಆಗುತ್ತಾ ಆಗುತ್ತಾ 'ಸಿಕ್ಕಿದೆ' ಆಗಿದೆ, ಅಷ್ಟೆ.

ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಹಾಗಾಗಿ 2 ಲಕ್ಷ ಕೋಟಿ ಲೀಟರ್ ಎಂದರೆ ಹೆಚ್ಚುಕಡಿಮೆ 1,250 ಕೋಟಿ ಬ್ಯಾರೆಲ್. ಭಾರತಕ್ಕೆ ದಿನಕ್ಕೆ 50 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಬೇಕು. ನಾವೇ ಬಳಸಿದರೆ ಏಳು ವರ್ಷಕ್ಕೂ ಸಾಲದು. ಗಯಾನಾದ ಜನಸಂಖ್ಯೆ ಸುಮಾರು 8 ಲಕ್ಷ, ನಮ್ಮ ಬೆಂಗಳೂರಿನ ಹತ್ತನೇ ಒಂದು ಭಾಗವೂ ಇಲ್ಲ. ಅಲ್ಲಿ 2015ರಲ್ಲಿ ತೈಲ ಸಿಕ್ಕಿತು, 2019ರ ಕೊನೆಗೆ ಹೊರಬಂತು, 2022ರ ಒಂದೇ ವರ್ಷದಲ್ಲಿ ಆರ್ಥಿಕತೆ ಶೇ 60ಕ್ಕೂ ಹೆಚ್ಚು ಬೆಳೆಯಿತು. ಆ ಅಂಕಿಯನ್ನು ನಮಗೆ ಅಂಟಿಸಿಕೊಳ್ಳಲಾಗದು.

ಪೆಟ್ರೋಲ್ ದರವೂ ಹಾಗೆಯೇ. ಕಚ್ಚಾ ತೈಲದ ಬೆಲೆ ನಿರ್ಧಾರವಾಗುವುದು ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ, ಬಂಕ್‌ನಲ್ಲಿ ನಾವು ಕೊಡುವುದರಲ್ಲಿ ದೊಡ್ಡ ಪಾಲು ತೆರಿಗೆ. ತೈಲ ಮಾರುವ ನಾರ್ವೆಯಲ್ಲೂ ಪೆಟ್ರೋಲ್ ದುಬಾರಿಯೇ.

ಫಾರ್ವರ್ಡ್‌ನಲ್ಲಿ ಇಲ್ಲದ ಇನ್ನೊಂದು ಸಂಗತಿಯಿದೆ. ಅದನ್ನು ಪೀಣ್ಯದಲ್ಲಿಟ್ಟು ನೋಡೋಣ. ಯಂತ್ರದ ಬಿಡಿಭಾಗ ಮಾಡಿ ರಫ್ತು ಮಾಡುವ ಒಂದು ಸಣ್ಣ ಕಾರ್ಖಾನೆಗೆ ಡಾಲರ್‌ಗೆ 85 ರೂಪಾಯಿ ಸಿಗುತ್ತಿದೆ ಎನ್ನಿ. ದೇಶ ತೈಲ ಮಾರತೊಡಗಿ ಡಾಲರ್ ಹೊಳೆಯಂತೆ ಹರಿದು ಬಂದರೆ ರೂಪಾಯಿ ಬಲವಾಗುತ್ತದೆ. ಕೇಳಲು ಖುಷಿಯೇ. ಆದರೆ ಈಗ ಅದೇ ಡಾಲರ್‌ಗೆ 70 ರೂಪಾಯಿ. ಕೂಲಿ, ಕರೆಂಟ್ ಬಿಲ್, ಶೆಡ್ ಬಾಡಿಗೆ ಯಾವುದೂ ಇಳಿದಿರುವುದಿಲ್ಲ. ಅತ್ತ ವಿದೇಶಿ ಬಿಡಿಭಾಗ ಅಗ್ಗವಾಗಿ ಒಳಗೂ ಬರುತ್ತದೆ. ಲೇತ್ ನಿಲ್ಲುತ್ತದೆ. ಡಾಲರ್‌ನಲ್ಲೇ ಗಳಿಸುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳಿಗೂ ಇದೇ ಪೆಟ್ಟು. ಅರ್ಥಶಾಸ್ತ್ರದಲ್ಲಿ ಇದರ ಹೆಸರು 'ಡಚ್ ಕಾಯಿಲೆ'. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಅನಿಲ ಸಿಕ್ಕಿದ ಮೇಲೆ ಅಲ್ಲಿನ ಕೈಗಾರಿಕೆ ಸೊರಗಿತು, 1977ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆ ಈ ಹೆಸರಿಟ್ಟಿತು. ನೈಜೀರಿಯಾದಲ್ಲಿ ಪೆಟ್ಟು ಬಿದ್ದದ್ದು ರೈತರಿಗೆ. ಒಂದು ಕಾಲದಲ್ಲಿ ಕಡಲೆಕಾಯಿ, ತಾಳೆ ಎಣ್ಣೆ ರಫ್ತಿಗೆ ಹೆಸರಾಗಿದ್ದ ದೇಶ ತೈಲದ ನಂತರ ಅವನ್ನೆಲ್ಲ ಬಹುಪಾಲು ಕಳೆದುಕೊಂಡಿತು.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವುದರಿಂದ ನಮಗೆ ಈ ಕಾಯಿಲೆ ಅಷ್ಟು ಜೋರಾಗಿ ಬಾರದು. ಹೊಸ ತೈಲ ಮೊದಲು ಆಮದಿನ ಖರ್ಚನ್ನು ಇಳಿಸುತ್ತದೆ. ಅದು ನಿಜವಾದ ಲಾಭವೇ.

ನೆಲದಡಿಯ ಸಂಪತ್ತು ಏನು ಮಾಡುತ್ತದೆ ಎಂದು ನೋಡಲು ವೈಟ್‌ಫೀಲ್ಡ್‌ನಿಂದ ಅದೇ ರೈಲು ಮಾರ್ಗದಲ್ಲಿ ಪೂರ್ವಕ್ಕೆ ಹೋದರೆ ಸಾಕು. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಲೈನ್ ಎಳೆದರು, 1905ರಲ್ಲಿ ಅದೇ ವಿದ್ಯುತ್ ಬೆಂಗಳೂರಿಗೂ ಬಂತು. ಚಿನ್ನ ಹೋಯಿತು, ವಿದ್ಯುತ್ ಉಳಿಯಿತು, ಅದರ ಮೇಲೆ ಬೆಂಗಳೂರು ಬೆಳೆಯಿತು. ಆದರೆ ಕೆಜಿಎಫ್‌ನಲ್ಲಿ ಬೆಮೆಲ್ ಬಿಟ್ಟರೆ ಅಂಥ ದೊಡ್ಡ ಉದ್ಯಮ ಬೆಳೆಯಲಿಲ್ಲ. ಅದಿರಿನಲ್ಲಿ ಚಿನ್ನದ ಅಂಶ ಇಳಿದು, ಆಳ ಮೂರು ಕಿಲೋಮೀಟರ್ ದಾಟಿ ಖರ್ಚು ಏರಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ನಾರ್ವೆ 1969ರಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿದ ಮೇಲೆ, 1990ರಲ್ಲಿ ಕಾನೂನು ಮಾಡಿ ತೈಲದ ಹಣಕ್ಕೆ ಪ್ರತ್ಯೇಕ ನಿಧಿ ಕಟ್ಟಿತು. ಹಣ ಹೂಡುವುದು ಹೊರದೇಶಗಳಲ್ಲಿ, ಸರ್ಕಾರ ವರ್ಷಕ್ಕೆ ಬಳಸುವುದು ಸರಾಸರಿ ಶೇ 3ರಷ್ಟು. ಕರೆನ್ಸಿಯೂ ವಿಪರೀತ ಉಬ್ಬುವುದಿಲ್ಲ, ತೈಲ ತೀರಿದ ಮೇಲೂ ನಿಧಿ ಇರುತ್ತದೆ. ಕೆಜಿಎಫ್‌ಗೆ ಅಂಥದ್ದೊಂದು ಇರಲಿಲ್ಲ. ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ರೈಲುಗಳಲ್ಲಿ ಅಲ್ಲಿನವರು ಇಂದಿಗೂ ವೈಟ್‌ಫೀಲ್ಡ್, ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.