ಫಿಲಡೆಲ್ಫಿಯದ ಹಳದಿಜ್ವರವೂ ರಕ್ತಮೋಕ್ಷಣ ಚಿಕಿತ್ಸೆಯೂ

ರಕ್ತಮೋಕ್ಷಣವು ನಮ್ಮ ಸುಶ್ರುತನಿಗೂ ಯವನವೈದ್ಯನಾದ ಗೇಲೆನನಿಗೂ ಸಮ್ಮತವಾಗಿದ್ದ ಚಿಕಿತ್ಸೆ. ಅದರ ಗುಣದೋಷಗಳ ವಿಷಯದಲ್ಲಿ ಪ್ರಬಲವಾದ ವಿವಾದವೆದ್ದುದು ಕ್ರಿ. ಶ. 1793ರಲ್ಲಿ, ಆಗ ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾಗಿದ್ದ ಫಿಲಡೆಲ್ಫಿಯ ನಗರದಲ್ಲಿ.

ಆ ವರ್ಷದ ಆಗಸ್ಟಿನಲ್ಲಿ ನದೀತೀರದ ಬೀದಿಗಳಲ್ಲಿ ಕಾಣಿಸಿಕೊಂಡ ಹಳದಿಜ್ವರವು ನವೆಂಬರಿನವರೆಗೆ ನಿಂತು, ಸುಮಾರು 50,000 ಪ್ರಜೆಗಳಲ್ಲಿ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲನ್ನು ಆಹುತಿ ತೆಗೆದುಕೊಂಡಿತು. ಸಹಸ್ರಾರು ಜನರು ಊರು ಬಿಟ್ಟರು. ಬಿಡದೆ ನಿಂತ ವೈದ್ಯರಲ್ಲಿ ಅಗ್ರಗಣ್ಯನು ಬೆಂಜಮಿನ್ ರಷ್. 1776ರ ಸ್ವಾತಂತ್ರ್ಯಘೋಷಣೆಗೆ ರುಜು ಹಾಕಿದವನು. ಸೋದರಿಯೂ ಮೂವರು ಶಿಷ್ಯರೂ ತೀರಿಕೊಂಡರೂ, ತಾನೇ ಜ್ವರದಿಂದ ಮಲಗಿದರೂ ಆತನು ರೋಗಿಗಳನ್ನು ಕೈಬಿಡಲಿಲ್ಲ.

ಮೊದಮೊದಲು ಸೌಮ್ಯೋಪಚಾರಗಳಿಂದ ಫಲಕಾಣದೆ ಇದ್ದ ರಷ್, ವರ್ಜೀನಿಯದ ಜ್ವರವನ್ನು ಕುರಿತು ಜಾನ್ ಮಿಚೆಲ್ ಎಂಬಾತನು ಬರೆದಿದ್ದ ಹಸ್ತಪ್ರತಿಯೊಂದನ್ನು ಓದಿದನು. ನಾಡಿ ಕ್ಷೀಣಿಸಿದ್ದರೂ ವಿರೇಚನಕ್ಕೆ ಅಂಜಬಾರದೆಂದು ಅದರಲ್ಲಿದ್ದಿತು. ಅಲ್ಲಿಂದ ಮುಂದೆ ಕ್ಯಾಲೊಮೆಲ್ ಎಂಬ ಪಾದರಸದ ಔಷಧವನ್ನೂ ಜಾಲಪ್ ಬೇರಿನ ಚೂರ್ಣವನ್ನೂ ಕೊಟ್ಟು, ಅದರ ಮೇಲೆ ರಕ್ತವನ್ನೂ ತೆಗೆಯತೊಡಗಿದನು. ಅನೇಕರಿಂದ ಐದು ದಿನಗಳಲ್ಲಿ 70–80 ಔನ್ಸು, ಎಂದರೆ ಎರಡು ಲೀಟರಿಗೆ ಕಡಮೆಯಿಲ್ಲದ ರಕ್ತವು ಹೋಯಿತು. ಪ್ರಾಯಸ್ಥನ ದೇಹದಲ್ಲಿರುವುದು ಸುಮಾರು ಐದು ಲೀಟರು. ರಷ್ ಅದರ ಇಮ್ಮಡಿ ಉಂಟೆಂದು ಎಣಿಸಿದ್ದನು! ರಕ್ತ ಹೋದವನ ತಾಪವಿಳಿದು ಪ್ರಲಾಪ ನಿಲ್ಲುತ್ತಿತ್ತು. ಆ ನಿತ್ರಾಣವೇ ಗುಣವಾಗಿ ತೋರಿತು. ಈ ಜ್ವರದ ವಿಷಾಣುವು ಯಕೃತ್ತನ್ನು ಕೆಡಿಸುವುದರಿಂದ ರಕ್ತವು ಹೆಪ್ಪುಗಟ್ಟುವ ಶಕ್ತಿ ಕುಂದಿ, ತಾನಾಗಿಯೇ ಸ್ರವಿಸುತ್ತದೆಂಬುದು ಈಗ ವಿದಿತವಾಗಿದೆ. ಅಂಥವನ ಸಿರೆಯನ್ನೇ ಕೊಯ್ಯಲಾಗುತ್ತಿತ್ತು.

ವೈದ್ಯರು ಸಾಲದೆ ಹೋದುದರಿಂದ, ನೀಗ್ರೋ ಸಮಾಜದ ಮುಖಂಡರಾದ ಆಬ್ಸಲಮ್ ಜೋನ್ಸ್ ಮತ್ತು ರಿಚರ್ಡ್ ಆಲನ್ ಎಂಬವರೂ ರಷ್‌ನ ಸೂಚನೆಯಂತೆ 800ಕ್ಕೂ ಮೇಲ್ಪಟ್ಟು ಜನರ ರಕ್ತವನ್ನು ತೆಗೆದರು. ಆ ಸಮಾಜದವರಿಗೆ ಈ ಜ್ವರ ತಗುಲದೆಂದು ರಷ್ ನಂಬಿ ಅವರನ್ನು ಶುಶ್ರೂಷೆಗೆ ಕರೆದಿದ್ದನು. ಅವರಲ್ಲಿಯೂ ನೂರಾರು ಮಂದಿ ಸತ್ತರು.

ಬೇರೆ ಮಾರ್ಗವೂ ಕಣ್ಣೆದುರಿಗೇ ಇದ್ದಿತು. ಬುಷ್ ಹಿಲ್ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯನಾದ ಜಾನ್ ದವೇಜ್ ಎಂಬವನು ಅತಿಯಾದ ರಕ್ತಮೋಕ್ಷಣವನ್ನು ಖಂಡಿಸಿದನು. ಅಲ್ಲಿಯೂ ಬಹುಮಂದಿ ಸತ್ತರು. ಆದರೆ ಮರಣಾವಸ್ಥೆಯಲ್ಲಿ ಬಂದವರೇ ಅಲ್ಲಿ ಅನೇಕರಿದ್ದರೆಂಬುದನ್ನು ಮರೆಯಲಾಗದು. ಕೋಶಾಧಿಕಾರಿ ಅಲೆಗ್ಸಾಂಡರ್ ಹ್ಯಾಮಿಲ್ಟನನೂ ಆತನ ಪತ್ನಿಯೂ ಸಿಂಕೋನ ತೊಗಟೆ, ದ್ರಾಕ್ಷಾರಸ, ತಣ್ಣೀರ ಸ್ನಾನಗಳಿಂದ ಉಪಚರಿಸಲ್ಪಟ್ಟು ಬದುಕಿದರು. ಇಬ್ಬರ ನಿದರ್ಶನದಿಂದ ಸಿದ್ಧಾಂತವಾಗದು, ನಿಜ. ಆದರೆ ರಷ್‌ನ ಸಿದ್ಧಾಂತಕ್ಕೂ ಗುಣಹೊಂದಿದವರ ಎಣಿಕೆಯೇ ಆಧಾರವಾಗಿದ್ದಿತು. ಚಿಕಿತ್ಸೆಯಿಲ್ಲದೆಯೂ ಎಷ್ಟು ಮಂದಿ ಬದುಕುತ್ತಿದ್ದರೆಂಬ ಪ್ರಶ್ನೆಗೆ ಅದರಲ್ಲಿ ಎಡೆಯಿರಲಿಲ್ಲ.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವನು ವೈದ್ಯನಲ್ಲ, ಬೈಗುಳಕ್ಕೆ ಹೆಸರಾದ ಪತ್ರಿಕಾಕರ್ತ ವಿಲಿಯಂ ಕಾಬೆಟ್. ರಷ್ ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ 1799ರ ಡಿಸೆಂಬರ್ 14ರಂದು ಆತನಿಗೆ 5,000 ಡಾಲರು ದಂಡ ವಿಧಿಸಲಾಯಿತು. ಅದೇ ದಿನ ಜಾರ್ಜ್ ವಾಷಿಂಗ್ಟನನು ಗಂಟಲುರೋಗಕ್ಕಾಗಿ ಸುಮಾರು 80 ಔನ್ಸು ರಕ್ತ ತೆಗೆಸಿಕೊಂಡು ಮಡಿದನು. ತರುವಾಯ ಕಾಬೆಟ್, ರಷ್‌ನ ಚಿಕಿತ್ಸೆ ಪ್ರಕಟವಾದ ಮೇಲೆ ಮರಣಗಳು ಹೆಚ್ಚಿದುವೆಂದು 1793ರ ಮರಣಪಟ್ಟಿಗಳಿಂದ ವಾದಿಸಿದನು. ಈ ವಾದವೂ ಪೂರ್ಣವಾಗಿ ನಿಲ್ಲದು: ರೋಗವನ್ನು ಹರಡುವುದು ಸೊಳ್ಳೆಯೆಂದು 1900ರಲ್ಲಿ ಸಿದ್ಧಪಟ್ಟಿತು, ಸೆಪ್ಟೆಂಬರ್–ಅಕ್ಟೋಬರಿನ ಏರಿಕೆಗೆ ಅದೊಂದೇ ಸಾಕಾಗಿದ್ದೀತು.

ರಷ್ 1813ರಲ್ಲಿ ತನ್ನ ಮತವನ್ನು ಬಿಡದೆಯೇ ತೀರಿಕೊಂಡನು. 1835ರಲ್ಲಿ ಪ್ಯಾರಿಸಿನ ಪಿಯೆರ್ ಲೂಯಿ ಎಂಬ ವೈದ್ಯನು ಶ್ವಾಸಕೋಶದ ಉರಿಯೂತದ ರೋಗಿಗಳನ್ನು ಬೇಗ ರಕ್ತ ತೆಗೆಸಿಕೊಂಡವರು, ತಡವಾಗಿ ತೆಗೆಸಿಕೊಂಡವರು ಎಂದು ವಿಂಗಡಿಸಿ, ಎರಡು ವರ್ಗಗಳಲ್ಲಿಯೂ ಸತ್ತವರನ್ನು ಎಣಿಸಿ ಪ್ರಕಟಿಸಿದನು.