ಐಸ್ ಎಷ್ಟು ಬೇಕು?

ಶೃಂಗೇರಿ ತಾಲೂಕಿನ ಬೇಗಾರಿನಂಥ ಊರಿನಲ್ಲಿ ಮದುವೆಯೆಂದರೆ ಅಕ್ಕಿ, ಮಾಂಸ, ತುಪ್ಪದ ಲೆಕ್ಕ ಯಾರೂ ತಪ್ಪುವುದಿಲ್ಲ. ತಪ್ಪುವುದು ಐಸಿನ ಲೆಕ್ಕ. ಬೇಸಿಗೆಯಲ್ಲಿ ನಡೆದ ನಮ್ಮ ಸಂಬಂಧಿಕರ ಮದುವೆಯೊಂದರಲ್ಲಿ ಬೆಳಿಗ್ಗೆ ತಂದ ಐಸ್ ಊಟದ ಹೊತ್ತಿಗೆ ಗೋಣಿಯೊಳಗೆ ನೀರಾಗಿತ್ತು. ಗಡಿಬಿಡಿಯಲ್ಲಿ ಯಾರೋ ಘಟ್ಟದ ಕೆಳಗಿನಿಂದ ಬಂದ ಮೀನಿನ ಪೆಟ್ಟಿಗೆಯ ಐಸನ್ನೇ ಶರಬತ್ತಿಗೆ ಹಾಕಲು ಹೊರಟಿದ್ದರು. ಹಿರಿಯರೊಬ್ಬರು ಕೈ ಹಿಡಿದು ತಡೆದರು.

ಈ ತಲೆನೋವು ಹಳೆಯದು. ಹಿಂದೂಸ್ಥಾನದಲ್ಲಿ ಐಸ್ ಇಲ್ಲ, ತಣ್ಣೀರಿಲ್ಲ ಎಂದು ಬಾಬರ್ ತನ್ನ ಆತ್ಮಕಥೆಯಲ್ಲಿ ಗೊಣಗಿದ್ದಾನೆ. ಮೊಮ್ಮಗ ಅಕ್ಬರನ ಕಾಲದಲ್ಲಿ ಪೆಟ್ಲುಪ್ಪಿನಿಂದ ನೀರು ತಣಿಸುತ್ತಿದ್ದರು. ಅಬುಲ್ ಫಝಲ್ 'ಐನೆ ಅಕ್ಬರಿ'ಯಲ್ಲಿ ಅಳತೆಯನ್ನೇ ಕೊಟ್ಟಿದ್ದಾನೆ: ಒಂದು ಸೇರು ನೀರಿನ ಹೂಜಿಯ ಬಾಯಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪು ಮತ್ತು ಐದು ಸೇರು ನೀರಿನ ಪಾತ್ರೆಯಲ್ಲಿ ಕಾಲು ಗಂಟೆ ತಿರುಗಿಸಬೇಕು. ಗಮನಿಸಿ, ತಣಿಸುವ ದ್ರಾವಣ ಕುಡಿಯುವ ನೀರನ್ನು ಮುಟ್ಟುವುದೇ ಇಲ್ಲ.

1586ರ ಸುಮಾರಿಗೆ ಅರಮನೆ ಲಾಹೋರಿಗೆ ಬಂದ ಮೇಲೆ ಬೆಟ್ಟದ ಹಿಮ ಬಳಕೆಗೆ ಬಂತು. 45 ಕೋಸ್ ದೂರದಿಂದ ದೋಣಿ, ಗಾಡಿ, ಆಳುಗಳ ಮೂಲಕ ತರುತ್ತಿದ್ದರು. ಚಳಿಗಾಲದಲ್ಲಿ ಸೇರಿಗೆ ಮೂರು ದಾಮ್‌ಗಿಂತ ಹೆಚ್ಚಿದ್ದ ಬೆಲೆ ಮಳೆಗಾಲದಲ್ಲಿ ಹದಿನಾಲ್ಕು ದಾಟುತ್ತಿತ್ತು. ದಾರಿಯಲ್ಲಿ ಕರಗಿದ್ದಕ್ಕೂ ಕೊಳ್ಳುವವನೇ ಹಣ ಕೊಡಬೇಕಲ್ಲ!

ಕರಗುವ ಲೆಕ್ಕವನ್ನೇ ವ್ಯಾಪಾರವಾಗಿಸಿದವನು ಅಮೆರಿಕದ ಫ್ರೆಡರಿಕ್ ಟ್ಯೂಡರ್. 1833ರ ಮೇ ತಿಂಗಳಲ್ಲಿ ಅವನ 'ಟಸ್ಕನಿ' ಹಡಗು 180 ಟನ್ ಐಸ್ ಹೊತ್ತು ಬಾಸ್ಟನ್‌ನಿಂದ ಹೊರಟಿತು. ನಾಲ್ಕು ತಿಂಗಳ ಬಳಿಕ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿಯೂ ಅರ್ಧಕ್ಕಿಂತ ಹೆಚ್ಚು! ಗುಟ್ಟು ಇಷ್ಟೇ: ಒಂದೇ ಅಳತೆಯ ದೊಡ್ಡ ಗಟ್ಟಿಗಳನ್ನು ಸಂದಿಲ್ಲದಂತೆ ಜೋಡಿಸಿ, ಸುತ್ತ ಮರದ ಹುಡಿ ತುಂಬುವುದು. ಮದ್ರಾಸಿನ ಕಡಲ ದಂಡೆಯಲ್ಲಿ ಅವನು ಕಟ್ಟಿಸಿದ ಐಸ್ ಹೌಸ್ ಈಗ ವಿವೇಕಾನಂದರ ಹೆಸರಿನಲ್ಲಿದೆ. ಬೊಂಬಾಯಿಯಲ್ಲಿ ಜಮ್‌ಶೇಟ್‌ಜೀ ಜೀಜೀಭಾಯ್ 1834ರ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದಾಗ ಅತಿಥಿಗಳಿಗೂ ಆತಿಥೇಯರಿಗೂ ಶೀತವಾಯಿತೆಂದು 'ಬಾಂಬೆ ಸಮಾಚಾರ್' ಬರೆದಿತ್ತಂತೆ. 1870ರ ದಶಕದಲ್ಲಿ ಇಲ್ಲಿಯೇ ಐಸ್ ಕಾರ್ಖಾನೆಗಳು ಬಂದಾಗ ಹಡಗಿನ ಐಸಿನ ಕಾಲ ಮುಗಿಯತೊಡಗಿತು.

ಈಗ ನಮ್ಮ ಮದುವೆಗೆ ಬರೋಣ. 28 ಡಿಗ್ರಿಯ ಒಂದು ಲೀಟರ್ ಶರಬತ್ತನ್ನು 5 ಡಿಗ್ರಿಗೆ ಇಳಿಸಲು ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ಐಸ್ ಸಾಕು. ನೂರು ಮಂದಿಗೆ ತಲಾ 200 ಮಿಲಿಲೀಟರಿನಂತೆ 20 ಲೀಟರ್ ಎಂದರೆ ಐದೂವರೆ ಕಿಲೋ. ಲೋಟದಲ್ಲಿ ತುಂಡು ತೇಲಬೇಕು, ದಾರಿಯಲ್ಲಿ ಕರಗಿದ್ದೂ ಸೇರಬೇಕು. ಆದ್ದರಿಂದ ಎರಡರಷ್ಟು ತರಿಸಿ. ಪುಡಿ ಮಾಡಿಸಿ ತರಬೇಡಿ. ಗಟ್ಟಿಯಾಗಿಯೇ ತಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಣಿ ಮತ್ತು ಭತ್ತದ ಹೊಟ್ಟಿನೊಳಗೆ ನೆರಳಲ್ಲಿಡಿ. ಐದಾರು ಲೀಟರ್ ನೀರು ಐಸಿನಿಂದಲೇ ಬರುವುದರಿಂದ ಶರಬತ್ತನ್ನು ಮೊದಲೇ ಸಿಹಿಯಾಗಿ, ಮಂದವಾಗಿ ಮಾಡಬೇಕು.

ಮೀನಿನ ಐಸ್ ಕುಡಿಯುವ ನೀರಿನದ್ದೇ ಆಗಿರಬೇಕೆಂದಿಲ್ಲ. ನೋಡಲು ಎರಡೂ ಒಂದೇ. ಅದಕ್ಕೇ ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಬಾರದ ಐಸಿಗೆ ನೀಲಿ ಬಣ್ಣ ಸೇರಿಸಬೇಕೆಂಬ ಆದೇಶ ಬಂತು. ಅಂದು ನಮ್ಮಲ್ಲಿ ಉಳಿದ ದಾರಿ ಅಕ್ಬರನದ್ದೇ ಆಗಿತ್ತು: ಶರಬತ್ತಿನ ಕೊಡದ ಬಾಯಿ ಮುಚ್ಚಿ, ಮೀನಿನ ಐಸನ್ನು ದೊಡ್ಡ ಹಂಡೆಗೆ ಸುರಿದು, ಅದರಲ್ಲಿ ಕೊಡವನ್ನು ಇಳಿಸಿದೆವು. ಹೊರಗೆ ತೆಗೆದಾಗ ಕೊಡದ ಮೈಯನ್ನು ತೊಳೆದು ಒರೆಸಲು ಒಬ್ಬ ಹುಡುಗನನ್ನೇ ನಿಲ್ಲಿಸಿದ್ದೆವು.