ಬಂಧವೂ ಬೀಗದಕೈಯೂ
(ಬಾನುಲಿ ಭಾಷಣ)

ಬೀಗವನ್ನು ಮಾಡುವುದಕ್ಕಿಂತ ಬೀಗದಕೈಯನ್ನು ಕಾಪಾಡುವುದು ಕಷ್ಟ. ಈ ಮಾತಿಗೆ ಕನ್ನಡದಲ್ಲೇ ಒಂದು ನಿದರ್ಶನವುಂಟು: ಕುಮುದೇಂದು ಮುನಿಯದೆನ್ನಲಾಗುವ 'ಸಿರಿಭೂವಲಯ'. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚರ್ಚೆ ಇಲ್ಲಿ ಬೇಡ. ಗ್ರಂಥದ ರಚನೆಯನ್ನಷ್ಟು ನೋಡೋಣ.

ಅದರಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕವೇ ಒಂದು ಚಕ್ರ. 1ರಿಂದ 64ರವರೆಗಿನ ಒಂದೊಂದು ಅಂಕಿ ಒಂದೊಂದು ಧ್ವನಿಗೆ ಸಂಕೇತ. ಆದರೆ ಅಂಕಿಗೆ ಅಕ್ಷರ ಹೊಂದಿಸಿದ ಮಾತ್ರಕ್ಕೆ ಪದ್ಯ ಹೊರಡದು. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಕ್ರಮ ತಿಳಿದಿರಬೇಕು. ಚಕ್ರಬಂಧ, ಹಂಸಬಂಧ, ಮಯೂರಬಂಧ ಮೊದಲಾದವು ಆ ನಡಿಗೆಯ ಹೆಸರುಗಳು. ಇಂದಿನ ಗೂಢಲಿಪಿಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಚಕ್ರವೇ ಪೆಟ್ಟಿಗೆ, ಬಂಧವೇ ಕೀಲಿ.

ದೊಡ್ಡಬೆಲೆಯ ಒಂದು ಮನೆತನದಲ್ಲಿದ್ದ ಪ್ರತಿಯನ್ನು ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಹೆಂಡತಿಯ ಬಳೆಗಳನ್ನು ಮಾರಿ ಪಡೆದರೆಂದು ಪ್ರತೀತಿ. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮವೂ ಸೇರಿ 1953ರಲ್ಲಿ ಮೊದಲ ಭಾಗ ಅಚ್ಚಾಯಿತು. ಪ್ರತಿಯ ಸೂಕ್ಷ್ಮಚಿತ್ರ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ ಸೇರಿತು. ಆದರೆ ಸೂಕ್ಷ್ಮಚಿತ್ರ ಕಾಪಾಡುವುದು ಅಂಕಿಗಳನ್ನು. ಓದುವ ಬಗೆ ಬಲ್ಲವರೊಡನೆ ಉಳಿಯುತ್ತದೆ, ಬಲ್ಲವರೊಡನೆಯೇ ಅಳಿಯುತ್ತದೆ.

ನಮ್ಮ ಕಿಸೆಯ ಮೊಬೈಲಿನಲ್ಲಿಯೂ ಇಂದು ಇಂಥದೇ ಒಂದು ಖಾಸಗಿ ಕೀಲಿ ಅಡಗಿರುತ್ತದೆ. ಅದೊಂದು ಬಹುದೊಡ್ಡ ಸಂಖ್ಯೆ. ಸಾಧನ ಕಳೆದರೆ ಸಂಖ್ಯೆಯೂ ಕಳೆಯಿತು. ಗುಪ್ತಪದ ಮರೆತವನಿಗೆ ಬ್ಯಾಂಕಿನವರು ಹೊಸದನ್ನು ಕೊಟ್ಟಾರು. ಈ ಕೀಲಿಗೆ ಅಂಥ ಯಜಮಾನನೇ ಇಲ್ಲದಿರುವುದುಂಟು. ಆದುದರಿಂದ ಡಿಜಿಟಲ್ ನಾಣ್ಯಗಳ ತಿಜೋರಿಗಳಲ್ಲಿ ಒಂದು ಉಪಾಯ ರೂಢಿಗೆ ಬಂದಿದೆ. 2048 ಪದಗಳ ನಿಶ್ಚಿತ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಿಂದ ಕೀಲಿಯನ್ನು ಮತ್ತೆ ಹುಟ್ಟಿಸಬಹುದು. ಇಲ್ಲಿಯೂ ಪದಗಳಷ್ಟೇ ಸಾಲವು, ಅವುಗಳ ಕ್ರಮವೂ ಬೇಕು! ಅವನ್ನು ಕಾಗದದಲ್ಲಿ ಬರೆದು ಸಾಧನದಿಂದ ದೂರವಿಡಬೇಕು. ಛಾಯಾಚಿತ್ರ ತೆಗೆದು ಅದೇ ಮೊಬೈಲಿನಲ್ಲಿಡುವುದು ಬೀಗದಕೈಯನ್ನು ಬೀಗಕ್ಕೇ ನೇತುಹಾಕಿದಂತೆ.

ಆದರೆ ಕಾಗದ ಒಂದೇ ಆದರೆ ಗೆದ್ದಲು ತಿಂದೀತು, ಹಲವಾದರೆ ಕಳ್ಳನಿಗೆ ಸಿಕ್ಕೀತು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾದಾಗ ಆ ಘಟ್ಟದ ರೈಲುಗಳು ಹಲವು ದಿನ ನಿಂತವು. ದಾರಿ ಒಂದೇ ಆದರೆ ಪಾಡು ಹೀಗೆ. ಹಾಸನ–ಮಂಗಳೂರು ರೈಲುಮಾರ್ಗ ಎಡಕುಮೇರಿಯ ಕಣಿವೆಯ ಮೂಲಕ ತೆರೆದುಕೊಂಡ 1979ರಲ್ಲಿಯೇ ಅದಿ ಶಮೀರ್ ಎಂಬ ಇಸ್ರೇಲಿ ಗಣಿತಜ್ಞರು ಈ ಇಕ್ಕಟ್ಟಿಗೊಂದು ಪರಿಹಾರ ಪ್ರಕಟಿಸಿದರು. ಗುಟ್ಟನ್ನು ಐದು ಪಾಲು ಮಾಡಿ ಐವರಿಗೆ ಕೊಡುವುದು. ಯಾವ ಮೂರು ಪಾಲು ಸೇರಿದರೂ ಗುಟ್ಟು ಮರಳುತ್ತದೆ, ಎರಡರಿಂದ ಏನೂ ತಿಳಿಯದು. ಒಬ್ಬಿಬ್ಬರ ಪಾಲು ಕಳೆದರೂ ನಷ್ಟವಿಲ್ಲ, ಒಬ್ಬಿಬ್ಬರು ಕೈಜೋಡಿಸಿದರೂ ಮೋಸವಿಲ್ಲ. ನಮ್ಮ ಸರ್ಕಾರಿ ಖಜಾನೆಗಳ ಜೋಡಿ ಬೀಗದ ಹಿಂದಿರುವುದೂ ಇದೇ ವಿವೇಕ; ಶಮೀರರು ಅದಕ್ಕೆ ಕಳೆದುದನ್ನು ಮರಳಿ ಪಡೆಯುವ ಗಣಿತವನ್ನು ಸೇರಿಸಿದರು.

ಬಂಧವನ್ನು ಹಂಚಬೇಕೆಂಬುದು ಸಾಹಿತ್ಯದ ಧರ್ಮ, ಕೀಲಿಯನ್ನು ಅಡಗಿಸಬೇಕೆಂಬುದು ವ್ಯವಹಾರದ ಧರ್ಮ. ಆದರೆ ಗುಟ್ಟು ತನ್ನೊಡೆಯನಿಗಿಂತ ಹೆಚ್ಚು ಕಾಲ ಬಾಳಬೇಕೆಂಬಲ್ಲಿ ಎರಡೂ ಒಂದಾಗುತ್ತವೆ. ಮನೆಯ ಹಿರಿಯರು ಕೀಲಿಯನ್ನು ಹೇಳದಿದ್ದರೂ ಅದು ದೊರೆಯುವ ದಾರಿಯನ್ನು ಬದುಕಿರುವಾಗಲೇ ಬರೆದಿಡುವುದು ಲೇಸು. ಇಲ್ಲವಾದರೆ ಮಕ್ಕಳ ಕೈಗೆ ಉಳಿಯುವುದು ಮೌನವಾದ ಅಂಕಿಗಳು ಮಾತ್ರ.